ಬಾಗಿಲ ಸಂದಿನ ಗಾಳಿ

27 ಅಕ್ಟೋಬರ್, ಸೋಮವಾರ

ಬೆಳಗ್ಗೆ ಬೇಗ ಹೊರಟೆವು. ಇವತ್ತೂ ಪಿಕಪ್ ಓಡಿಸಿದ್ದು ನಾನೇ. ಅಪ್ಪ ಪಕ್ಕದ ಸೀಟಿನಲ್ಲಿ, ಮೊಣಕಾಲ ಮೇಲೆ ಸ್ಕ್ಯಾನ್ ಕವರ್. ಕಡದಕಟ್ಟೆ ದಾಟಿ ಸ್ಪೀಡ್ ಐವತ್ತಕ್ಕೆ ಬಂದರೆ ಸಾಕು, ಬಾಗಿಲ ಮೇಲಂಚಿನಿಂದ ಶುರು… ಸುಯ್ಯ್ ಅಂತ. ಅರವತ್ತಕ್ಕೆ ಸೀಟಿ. ಗ್ಲಾಸ್ ಪೂರ್ತಿ ಏರಿಸಿದ್ದೆ. ಆದರೂ.

ಅಪ್ಪ ಏನೋ ಹೇಳಿದ. ಕೇಳಿಸಲಿಲ್ಲ. ಮತ್ತೆ ಹೇಳಿದ. ಮಳೆಗಾಲದಿಂದ ಇಳಿಯುತ್ತ ಬಂದ ಧ್ವನಿ ಈಗ ಬರೀ ಉಸಿರಿನಷ್ಟಿದೆ. ಮೂರನೇ ಸಲ ಕೈ ಬೀಸಿ ಸುಮ್ಮನಾದ.

ಶಿವಮೊಗ್ಗದಲ್ಲಿ ಅಪ್ಪ ಪಕ್ಕದಲ್ಲೇ ಕೂತಿದ್ದರೂ ಡಾಕ್ಟರು ನನಗೇ ಹೇಳಿದರು. ಗಂಟಲಿನ ಗಡ್ಡೆಗೆ ಆಪರೇಷನ್ ಆಗಬೇಕು, ನವೆಂಬರ್ 17ಕ್ಕೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕಾಗುತ್ತದೆ. ಜೀವಕ್ಕೆ ಭಯ ಬೇಡ. ಆದರೆ ಈ ಧ್ವನಿ ಇರುವುದಿಲ್ಲ. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರ ಒಂದಿದೆ, ನಿಧಾನಕ್ಕೆ ಕಲಿಯಬಹುದು.

ಕೇಳಬೇಕಾದದ್ದು ಬಹಳ ಇತ್ತು. "ಹ್ಞೂಂ ಸರ್" ಅಂದೆ, ಅಷ್ಟೇ. ಎಂ.ಎ. ಕನ್ನಡ ಮಾಡಿ ಬಂದ ಮಾತು ಇದೊಂದು.

ವಾಪಸ್ ಬರುವಾಗ ಮಾಚೇನಹಳ್ಳಿ ಹತ್ತಿರ ಅಪ್ಪ ಮತ್ತೆ ಬಾಯಿ ತೆರೆದ. ಮತ್ತೆ ಗಾಳಿ.

28 ಅಕ್ಟೋಬರ್

ಅಪ್ಪ ಮನೆಯಲ್ಲಿ ಮಾತಾಡುವವನಲ್ಲ. ಊಟ, ಪೇಪರ್, ನಿದ್ದೆ. ಕೆಲಸವಿದ್ದ ಕಾಗದದ ಕಾರ್ಖಾನೆ ನಿಂತ ಮೇಲೆ ಈ ಪಿಕಪ್ ತಗೊಂಡ. ಆವತ್ತಿನಿಂದ ಅವನ ಮಾತೆಲ್ಲ ಈ ಕ್ಯಾಬಿನ್‌ನಲ್ಲೇ. ನಾನು ಕಾಲೇಜಿಗೆ ಹೋಗುತ್ತಿದ್ದಾಗ, ಆ ಕಡೆ ಬಾಡಿಗೆ ಸಿಕ್ಕ ದಿನ ನನ್ನನ್ನೂ ಹತ್ತಿಸಿಕೊಳ್ಳುತ್ತಿದ್ದ. ಸ್ಟಿಯರಿಂಗ್ ಹಿಡಿದ ಕೂಡಲೇ ಬಾಯಿ ಬಿಡುತ್ತಿದ್ದ. ಆಗ ದೊಡ್ಡ ಗಂಟಲು. ಗಾಳಿ ಲೆಕ್ಕಕ್ಕೇ ಇರಲಿಲ್ಲ.

17ರ ಒಳಗೆ ಹೇಳುವುದು ಏನಿದ್ದರೂ ಇಲ್ಲೇ ಹೇಳುತ್ತಾನೆ. ನನಗೆ ಅದು ಕೇಳಿಸಬೇಕು.

ಇವತ್ತು ಮೂವತ್ತೈದರಲ್ಲಿ ಓಡಿಸಿ ನೋಡಿದೆ. ಹಿಂದೆ ಲಾರಿಗಳ ಹಾರ್ನ್. ಅಪ್ಪನಿಗೇ ತಡೆಯಲಿಲ್ಲ, ಮುಂದಕ್ಕೆ ಹೋಗು ಅಂತ ಕೈ ಮಾಡಿದ. ನಿಂತಲ್ಲೇ ಮಾತಾಡಲಿ ಅಂತ ಬದಿಗೆ ನಿಲ್ಲಿಸಿದೆ. ಅಪ್ಪ ಇಳಿದು ಟೀ ಕುಡಿಯಲು ಹೋದ.

3 ನವೆಂಬರ್

ಶಿವಮೊಗ್ಗ, ಆಟೋ ಕಾಂಪ್ಲೆಕ್ಸ್. ಬೀಡಿಂಗ್ ಹಾಕುವ ಜ್ಞಾನೇಶನ ಅಂಗಡಿ. ಬೀಡಿಂಗ್ ಅಂದರೆ ಬಾಗಿಲ ಚೌಕಟ್ಟಿನ ಸುತ್ತ ಇರುವ ರಬ್ಬರ್ ಪಟ್ಟಿ. ಅದು ಸರಿಯಾಗಿ ಕಚ್ಚಿಕೊಳ್ಳದಿದ್ದರೆ ಗಾಳಿ ಒಳಗೆ ಬರುತ್ತದೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಅರ್ಧ ಹೇಳುವಷ್ಟರಲ್ಲಿ ಅವನು ನಕ್ಕ.

"ಪಿಕಪ್ ಅಂದ್ಮೇಲೆ ಸೌಂಡ್ ಇರುತ್ತೆ ಮೇಡಂ. ಒಂದು ಹಾಡು ಹಾಕ್ಕೊಂಡ್ರೆ ಆಯ್ತು."

ಹಾಡು ಬೇಡ ಅಂದೆ. ಹಾಗಾದರೆ ಹಳೇ ಬೀಡಿಂಗ್ ಜೊತೆಗೆ ಬಾಗಿಲಿಗೇ ಇನ್ನೊಂದು ಅಂಟಿಸುತ್ತೇನೆ, ಡಬಲ್, ಸೊಳ್ಳೆ ಕೂಡ ಒಳಗೆ ಬರಲ್ಲ ಅಂದ. ಎರಡೂ ಬಾಗಿಲಿಗೆ ಹಾಕಿಸಿದೆ.

ಬಾಗಿಲು ಮುಚ್ಚುತ್ತಿಲ್ಲ. ಸೊಂಟ ಕೊಟ್ಟು ಗುದ್ದಬೇಕು. ಮನೆಗೆ, ಕಾಗದನಗರಕ್ಕೆ ಬಂದು ಗುದ್ದಿದ ಸದ್ದಿಗೆ ಪಕ್ಕದ ಕ್ವಾರ್ಟರ್ಸ್‌ನವರು ಹೊರಗೆ ಬಂದು ನಿಂತರು. ನೆಲ ನೋಡುತ್ತ ಒಳಗೆ ಬಂದೆ. ಸದ್ದು ಹೋಯಿತೇ? ಇಲ್ಲ. ದಪ್ಪ ರಬ್ಬರಿಗೆ ಬಾಗಿಲ ಮೇಲ್ಭಾಗ ಹೊರಕ್ಕೆ ತಳ್ಳಿಕೊಂಡಿದೆ. ಸೀಟಿ ಇದ್ದದ್ದು ಈಗ ಭೋರ್ ಅನ್ನುತ್ತಿದೆ.

6 ನವೆಂಬರ್

ಅಪ್ಪನೇ ಇವತ್ತು ಡಬಲ್ ಬೀಡಿಂಗ್ ಕಿತ್ತು ಎಸೆದ. ಆಮೇಲೆ ಹಳೇ ಕ್ಯಾಲೆಂಡರ್ ಹಾಳೆ ಉದ್ದುದ್ದಕ್ಕೆ ಹರಿದ. ಒಂದು ಪಟ್ಟಿಯನ್ನು ಸಂದಿಗೆ ಇಟ್ಟು ಬಾಗಿಲು ಹಾಕಿ ಎಳೆಯುವುದು. ಬಿಗಿಯಾಗಿ ಬಂದರೆ ಅಲ್ಲಿ ರಬ್ಬರ್ ಕಚ್ಚುತ್ತಿದೆ. ಸಲೀಸಾಗಿ ಬಂದರೆ ಅಲ್ಲೇ ಸಂದು. ಮಿಲ್ಲಿನಲ್ಲಿ ಅಷ್ಟು ವರ್ಷ ಕಾಗದ ಮುಟ್ಟಿದ ಕೈ. ಎಳೆಯುವಾಗ ಕಣ್ಣು ಮುಚ್ಚಿಕೊಂಡಿದ್ದ. ಕೆಳಗೆ ಬಿಗಿ, ಹಿಂದೆ ಬಿಗಿ. ಮೇಲೆ, ಕನ್ನಡಿಯ ಕಡೆಯ ಮೂಲೆಯಲ್ಲಿ, ಪಟ್ಟಿ ಸರಕ್ಕನೆ ಬಂತು. ಆ ಕಡೆಯ ಬಾಗಿಲಿಗೂ ಸರಿಯಾಗಿ ಅದೇ ಜಾಗ.

ಬಗ್ಗಿ ನೋಡಿದರೆ ರಬ್ಬರ್ ಅಲ್ಲಿ ಚಪ್ಪಟೆ. ಹಳ್ಳದೊಳಗೆ ನೀಲಿ ಪ್ಲಾಸ್ಟಿಕ್ ಎಳೆ.

ಆಯುಧಪೂಜೆಯ ಹಗ್ಗ. ಗಾಡಿಯ ಮುಂದೆ ಕಟ್ಟಿದ ಬಾಳೆಕಂದು ಜಗ್ಗದ ಹಾಗೆ ಹಗ್ಗವನ್ನು ಕ್ಯಾಬಿನ್ ಒಳಗಿಂದ ತಂದು, ಬಾಗಿಲಿಗೆ ಕಚ್ಚಿಸಿ ಬಿಗಿಯುವುದು ನಮ್ಮ ಮನೆಯ ಪದ್ಧತಿ. ಕಂದು ಪೂರ್ತಿ ಒಣಗುವವರೆಗೂ ಅಮ್ಮ ಬಿಚ್ಚಲು ಬಿಡುವುದಿಲ್ಲ. ಪ್ರತಿ ವರ್ಷ ಅದೇ ಮೂಲೆ.

"ಯಾರು ಕಟ್ಟಿದ್ದು?" ಅಂದೆ.

ಅಪ್ಪ ತನ್ನ ಎದೆಗೆ ಬೆರಳು ಮಾಡಿಕೊಂಡು ನಕ್ಕ. ಭುಜ ಮಾತ್ರ ಅಲುಗಿತು.

ಅಮ್ಮ ಮನೆಯ ಬಾಗಿಲಿನಿಂದಲೇ, "ಪೂಜೆಗೆ ಕಟ್ಟಿದ್ದಕ್ಕೆ ನಗ್ಬೇಡಿ ನೀವು," ಅಂದಳು.

7 ನವೆಂಬರ್

ಕಂಪನಿಯ ಬೀಡಿಂಗೇ ಬೇಕು. ಶೋರೂಮಿಗೆ ಫೋನ್ ಮಾಡಿದೆ. ಎತ್ತಿದವರು ಎರಡು ಸಲ "ಜೋರಾಗಿ ಹೇಳಿ" ಅಂದರು. ಸ್ಟಾಕ್ ಇಲ್ಲ. ಆರ್ಡರ್ ಹಾಕಿದರೂ 20ನೇ ತಾರೀಖಿನ ನಂತರವೇ.

ಹಾಕಿದೆ. ಇನ್ನೇನು ಮಾಡುವುದು.

12 ನವೆಂಬರ್

ಸೈಕಲ್ ಟ್ಯೂಬ್ ತುಂಡು ತುರುಕಿದೆ— ಉದುರಿತು. ಸ್ಪಂಜ್ ಇಟ್ಟೆ. ಓಲ್ಡ್ ಟೌನ್ ದಾಟುವಷ್ಟರಲ್ಲಿ ಅದೂ ಹಾರಿಹೋಯಿತು. ಅಪ್ಪ ಈಗ ಗಾಡಿಯಲ್ಲೂ ಸುಮ್ಮನೆ ಕೂರುತ್ತಿದ್ದಾನೆ. ಕಿಟಕಿಯ ಕಡೆ ನೋಡುತ್ತಾನೆ.

15 ನವೆಂಬರ್, ಶನಿವಾರ. ಸಂಜೆ ನಾಲ್ಕು. ಆಸ್ಪತ್ರೆ

ಅಪ್ಪನನ್ನು ಅಡ್ಮಿಟ್ ಮಾಡಿಸಿ ಆಯಿತು. ನಾಳೆಯೆಲ್ಲ ಪರೀಕ್ಷೆಗಳು, ನಾಡಿದ್ದು ಆಪರೇಷನ್. ಅಪ್ಪ ಮಲಗಿದ್ದಾನೆ. ಬೆಳಗ್ಗಿನದು ಬರೆದಿಡಬೇಕು.

ಹೊರಡುವ ಹೊತ್ತಿಗೆ ಅಮ್ಮ ಕೈಗೆ ದೊಡ್ಡ ಟೇಪ್ ಸಿಕ್ಕಿಸಿಕೊಂಡು ಬಂದಳು. ಅವಲಕ್ಕಿ ಡಬ್ಬಕ್ಕೆ ಇರುವೆ ಹತ್ತದಂತೆ ಸುತ್ತುತ್ತಾಳಲ್ಲ, ಅದು.

"ಇಬ್ರೂ ಹತ್ತಿ. ಹೊರಗಡೆಯಿಂದ ನಾನು ಅಂಟಿಸ್ತೀನಿ."

"ಇಳಿಯೋದು ಹೆಂಗಮ್ಮಾ?"

"ಒಳಗಿಂದ ತಳ್ಳಿದ್ರೆ ಕಿತ್ಕೊಂಡು ಬರುತ್ತೆ, ಮಾರಾಯ್ತಿ. ಹತ್ತು ಮೊದ್ಲು."

ನೀನು ಅಂತ ಕೇಳಿದರೆ, ಬ್ಯಾಗ್ ಹಿಡಿದುಕೊಂಡು ಬಸ್ಸಿಗೆ ಬರುತ್ತೇನೆ ಅಂದಳು. ಅಪ್ಪನ ಕಡೆ ಬಾಗಿಲಿಗೆ ಸುತ್ತಲೂ ಅಂಟಿಸಿ ಅಂಗೈಯಿಂದ ಉಜ್ಜಿದಳು. ಮುಂದಿನಿಂದ ಸುತ್ತಿ ನನ್ನ ಕಡೆಗೆ ಬಂದಳು. ಅವರೆಕಾಯಿ ತರುತ್ತಿದ್ದ ಪಕ್ಕದ ಮನೆಯವರು ನಿಂತು ನೋಡಿದರು. ನೋಡಿಕೊಳ್ಳಲಿ.

ಹೈವೇಗೆ ಬಂದೆವು. ಐವತ್ತು. ಅರವತ್ತು. ಇಂಜಿನ್ ಸದ್ದು ಕಾಲ ಕೆಳಗೆಲ್ಲೋ. ಮೇಲೆ ಏನೂ ಇಲ್ಲ. ಅಪ್ಪ ನುಂಗಿದ್ದು ಕೂಡ ಕೇಳಿಸಿತು.

ಕಾದೆ. ಮಾಚೇನಹಳ್ಳಿ ಹತ್ತಿರ ಬಂತು. ಹೇಳುವುದೇನೂ ಇರಲಿಲ್ಲವೇನೋ, ಸುಮ್ಮನೆ ಇಷ್ಟೆಲ್ಲ ಮಾಡಿದೆನೇನೋ ಅಂದುಕೊಂಡೆ.

ಆಮೇಲೆ ಅಪ್ಪ, ರಸ್ತೆ ನೋಡುತ್ತಲೇ:

"ನಿನ್ನ ಮಾತು ನಂಗೆ ಈ ಗಾಡೀಲಿ ಯಾವತ್ತೂ ಕೇಳಿಸ್ಲಿಲ್ಲ, ಸುಮನಾ."

ನಾನು ತಿರುಗಿ ನೋಡಿದೆ. ಮುಂದೆ ನೋಡು ಅಂತ ಕೈ ಮಾಡಿದ.

ಪಿಸುಮಾತು. ನಾಲ್ಕು ಪದಕ್ಕೊಮ್ಮೆ ಉಸಿರು. ಆದರೂ ಎಲ್ಲ ಕೇಳಿಸಿತು. ನಾನು ಕಾಲೇಜಿನ ದಿನಗಳಿಂದಲೂ ಮೆಲ್ಲಗೆ ಏನೋ ಹೇಳುತ್ತಿದ್ದೆನಂತೆ. ಅವನಿಗೆ ಗಾಳಿಯಲ್ಲಿ ತುಟಿ ಆಡಿದ್ದಷ್ಟೇ ಕಾಣುತ್ತಿತ್ತಂತೆ. ಜೋರಾಗಿ ಹೇಳು ಅಂದರೆ ನಾನು ಪೂರ್ತಿ ಬಾಯಿ ಮುಚ್ಚಿಬಿಡುತ್ತೇನೆಂದು ತಾನೇ ಮಾತಾಡಿ ದಾರಿ ತುಂಬಿಸುತ್ತಿದ್ದನಂತೆ. ಇಷ್ಟು ದಿನ ಇದೇ ಹೇಳಲು ನೋಡುತ್ತಿದ್ದೆ ಅಂದ.

"ಏನಾದ್ರೂ ಕೇಳು. ಈಗಾದ್ರೆ ಉತ್ತರ ಕೊಡ್ತೀನಿ."

ಎಷ್ಟೆಲ್ಲ ಇತ್ತು. ಕೊನೆಗೆ ಮನೆಯಲ್ಲಿ ಯಾಕೆ ಮಾತಾಡಲ್ಲ ಅಂತ ಕೇಳಿದೆ.

"ಮನೇಲಿ ಎಲ್ರೂ ಮುಖ ನೋಡ್ತಾರೆ. ಇಲ್ಲಿ ರೋಡ್ ನೋಡ್ತಾ ಮಾತಾಡ್ಬೋದು."

ನನಗೂ ಹಾಗೇ ಅಂದೆ. ಗೊತ್ತು ಅಂದ.

ಆಮೇಲೆ ಪ್ರಶ್ನೆಗಳು ಒಂದೊಂದಾಗಿ ಬಂದವು. ಅಮ್ಮನನ್ನು ನೋಡಲು ಹೋದ ದಿನದ್ದು ಕೇಳಿದೆ. ಉಪ್ಪಿಟ್ಟಿನ ತಟ್ಟೆ ನೋಡುತ್ತ ಕೂತು, ಎದ್ದು ಬರುವಾಗ ಹುಡುಗಿಯ ಬದಲು ಅವಳ ಅಕ್ಕನಿಗೆ ಕೈ ಮುಗಿದು ಬಂದದ್ದನ್ನು ಹೇಳಿದ. ಶಿವಮೊಗ್ಗದ ಎಂಆರ್‌ಎಸ್ ಸರ್ಕಲ್ ಯಾವಾಗ ಬಂತೋ. ಆಸ್ಪತ್ರೆಯ ಅಂಗಳದಲ್ಲಿ ನಿಲ್ಲಿಸಿದ ಮೇಲೂ ಅಪ್ಪ ಇಳಿಯಲಿಲ್ಲ. ನಿಂತ ಗಾಡಿಯಲ್ಲಿ ಅಪ್ಪ ಮಾತಾಡಿದ್ದು ಇದೇ ಮೊದಲು. ವಾಚ್‌ಮನ್ ಬಂದು ಟೇಪ್ ಮುಟ್ಟಿ ನೋಡಿ, ಪೇಂಟಿಂಗ್ ಮಾಡಿಸಿದ್ದೀರಾ ಅಂತ ಸನ್ನೆಯಲ್ಲಿ ಕೇಳಿದ. ಬಸ್ಸಿಳಿದು ಬಂದ ಅಮ್ಮ ಹೊರಗೆ ಬ್ಯಾಗ್ ಇಟ್ಟು ನಿಂತಿದ್ದಳು. ಗ್ಲಾಸ್ ತಟ್ಟಲಿಲ್ಲ.

4 ಡಿಸೆಂಬರ್

ಡಿಸ್ಚಾರ್ಜ್. ಹೊಸ ಬೀಡಿಂಗ್ ಮೊನ್ನೆಯೇ ಬಂದಿತ್ತು, ಹಾಕಿಸಿದ್ದೆ. ಬಾಗಿಲು ಮೆತ್ತಗೆ ಮುಚ್ಚುತ್ತದೆ. ಅಪ್ಪನ ಕುತ್ತಿಗೆಯಲ್ಲಿ ಉಸಿರಾಟಕ್ಕೆ ಮಾಡಿದ ರಂಧ್ರ, ಅದರ ಮೇಲೆ ತೆಳ್ಳನೆ ಬಟ್ಟೆ. ಧೂಳು ಹೋಗಬಾರದು, ಗ್ಲಾಸ್ ಏರಿಸಿಯೇ ಇರಬೇಕು ಅಂದಿದ್ದಾರೆ. ಇವತ್ತು ಡಾಕ್ಟರನ್ನು ನಾನೇ ಕೇಳಿದೆ, ಎಲ್ಲ. ಯಂತ್ರದ್ದು ಕೂಡ. ಗಾಯ ಮಾಗಲಿ ಅಂದರು.

ಅಮ್ಮ ಇವತ್ತೂ ಬಸ್ಸಿಗೇ ಬರುತ್ತೇನೆ ಅಂದಳು.

ಊರು ದಾಟಿದೆ. ಅರವತ್ತು. ಒಳಗೆ ಸದ್ದಿಲ್ಲ. ಅಪ್ಪ ನನ್ನ ಕಡೆ ನೋಡಲಿಲ್ಲ, ರಸ್ತೆ ನೋಡುತ್ತ ಕೂತಿದ್ದ. ಗಂಟಲು ಸರಿ ಮಾಡಿಕೊಂಡು ಶುರು ಮಾಡಿದೆ. ಎಂ.ಎ. ಸೆಮಿನಾರಿನ ದಿನ ಪ್ರಬಂಧ ಓದದೆ ಹಿಂದಿನ ಬಾಗಿಲಿನಿಂದ ಓಡಿಬಂದದ್ದು. ಯಾರಿಗೂ ಹೇಳಿರಲಿಲ್ಲ. ಓಡಿದವಳು ನೇರ ಕ್ಯಾಂಟೀನಿಗೆ ಹೋದರೆ ಅಲ್ಲಿ ನಮ್ಮ ಮೇಷ್ಟ್ರೇ ಕೂತಿದ್ದರು ಅನ್ನುವವರೆಗೆ ಹೇಳಿ ನಿಲ್ಲಿಸಿದೆ. ಮುಂದೆ ಲಾರಿ ಇತ್ತು.

ಅಪ್ಪ ಕೈ ಚಾಚಿ ಡ್ಯಾಶ್‌ಬೋರ್ಡ್ ತಟ್ಟಿದ. ಗಲ್ಲ ಎತ್ತಿದ. ಆಮೇಲೆ?

ಲಾರಿ ದಾಟಿದೆ. ಆಮೇಲೆ ಏನಾಯ್ತು ಅಂದ್ರೆ ಅಪ್ಪಾ, ಅಂತ ನಾನು—