ನೀಲಿ ಪೀಪಾಯಿ

ಅಪ್ಪಾ,

ಬಾಂಬಿನ ಕಾರ್ಖಾನೆಯಿಂದ ನೀನು ತಂದಿದ್ದ ನೀಲಿ ಪೀಪಾಯಿಯ ತಳಕ್ಕೆ ಇವತ್ತು ಕೊಡಲಿ ಹಾಕಿದೆ. ಪಕ್ಕದ ಮನೆಯ ರಾದ್ಕಾ ಅತ್ತೆ ಬೇಲಿಯಾಚೆಯಿಂದಲೇ ಕೂಗಿದಳು. "ಹುಚ್ಚು ಹಿಡೀತೇನೇ? ಚಳಿಗಾಲಕ್ಕೆ ಕೋಸು ಯಾವುದರಲ್ಲಿ ಉಪ್ಪಿಗೆ ಹಾಕ್ತೀಯೇ? ನಂಗಾದ್ರೂ ಕೊಡ್ಬಾರ್ದಿತ್ತಾ!"

"ಸಿಡಿಮದ್ದು ತುಂಬಿದ್ದ ಪೀಪಾಯಿ, ಅತ್ತೆ. ವಿಷ."

"ಅಯ್ಯೋ ಬಿಡೇ, ನಿಮ್ಮಪ್ಪ ಸೋಡಾ ಹಾಕಿ ಉಜ್ಜಿದ್ದ. ಊರಲ್ಲಿ ಎಲ್ಲರ ಮನೇಲೂ ಇದೇ ಪೀಪಾಯಿ."

ನಾನು ಮತ್ತೆ ಕೊಡಲಿ ಎತ್ತಿದೆ.

ನಿನಗೆ ಆ ಪೀಪಾಯಿಯ ಹುಳಿಕೋಸು ಸೇರುತ್ತಿರಲಿಲ್ಲ. ಅಮ್ಮನಿಗೆ ಅದೇ ಪ್ರಾಣ. ಬೆಳಿಗ್ಗೆ ಅದರ ರಸವನ್ನೂ ಲೋಟದಲ್ಲಿ ಕುಡಿಯುತ್ತಿದ್ದಳು. ಅವಳ ಲಿವರ್ ಹೋಗಿದೆ ಎಂದ ಡಾಕ್ಟರು, ಇವರು ಕುಡೀತಿದ್ರಾ ಅಂತ ಕೇಳಿದಾಗ, ನೀನು ಎಷ್ಟು ಹೆಮ್ಮೆಯಿಂದ ಹೇಳಿದೆ: "ಛೇ! ನಮ್ಮ ಗಿನ್ಕಾ ಒಂದು ಹನಿ ರಕಿಯಾ ಸಾರಾಯಿಯನ್ನೂ ಮುಟ್ಟಿದವಳಲ್ಲ. ಮನೆಯ ಕೋಸಿನ ರಸ, ಅಷ್ಟೇ."