ಚರ್ಚಿನ ಪತ್ರಿಕೆಗೆ ಒಂದು ತಿದ್ದುಪಡಿ

ಪೂಜ್ಯ ಪಾದ್ರಿಗಳಿಗೆ ವಂದನೆಗಳು.

ನನ್ನ ತಂಗಿ ನಗುನಗುತ್ತಾ ಪ್ರಭುವಿನ ಬಳಿ ಹೋದಳೆಂದು ಚರ್ಚಿನ ಪತ್ರಿಕೆಯಲ್ಲಿ ಬರೆದಿದ್ದೀರಿ. ಓದಿ ಹೇಸಿಗೆಯಾಯಿತು. ಅವಳು ನಗಲಿಲ್ಲ. ಮೂರು ವಾರ ನೋವಿಗೆ ಕಿರುಚಿದಳು, ಹಾಸಿಗೆಯಲ್ಲೇ ವಾಂತಿ ಮಾಡಿಕೊಂಡಳು, ದೇವರನ್ನೂ ಬಾಯಿಗೆ ಬಂದಂತೆ ಬೈದಳು. ನೀವು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ಪ್ರಾರ್ಥನೆ ಮುಗಿಸಿ ಹೋದಿರಿ.

ನೀವು ಬೈಬಲಿನಲ್ಲಿ ಗುರುತು ಹಾಕಿಕೊಟ್ಟ ಸಮಾಧಾನದ ವಚನ ನಾನು ಓದಿದರೆ ಮುಖ ತಿರುಗಿಸುತ್ತಿದ್ದಳು. "ಅಕ್ಕಾ, ಶಿಲುಬೆ ಮೇಲೆ ಯೇಸುಸ್ವಾಮಿ ಕಿರುಚಿದ್ರಲ್ಲ, ಅದನ್ನ ಓದು. ಅವರಿಗೆ ನನ್ನ ನೋವು ಗೊತ್ತು" ಅನ್ನುತ್ತಿದ್ದಳು. ಓದಿದರೆ ನನ್ನ ಕೈ ಹಿಡಿದುಕೊಂಡು ನಿದ್ದೆ ಹೋಗುತ್ತಿದ್ದಳು. ಈಗ ನಾನೂ ಅದನ್ನೇ ಓದಿ ಮಲಗುತ್ತೇನೆ.

ಮುಂದಿನ ಸಂಚಿಕೆಯಲ್ಲಿ, ಅವಳು ಕಿರುಚಿದಳು ಎಂದು ತಿದ್ದಿ ಹಾಕಿ. ಯೇಸುಸ್ವಾಮಿ ಕಿರುಚಿದ್ದನ್ನು ಬೈಬಲ್ ಬರೆದ ಹಿಂದಿನವರು ನಿಮ್ಮ ಹಾಗೆ ಮುಚ್ಚಿಟ್ಟಿದ್ದರೆ ನನ್ನ ತಂಗಿಗೆ ನಿದ್ದೆಯೇ ಬರುತ್ತಿರಲಿಲ್ಲ.

ಇಂತಿ,
ಅವಳ ಹಾಸಿಗೆ ತೊಳೆದ ಅಕ್ಕ