ಎಂಟು ಚಕ್ರದ ಕಪ್ಪು ಎಂಜಿನ್

ಆಲ್ಟೂನಾ, ಪೆನ್ಸಿಲ್ವೇನಿಯಾ
ಏಪ್ರಿಲ್ ೧೨, ಶನಿವಾರ

ಪ್ರೀತಿಯ ಕೊರಿನ್,

ನಿಮ್ಮಪ್ಪ ಹೋಗಿ ಇವತ್ತಿಗೆ ಐದು ವಾರ. ನಾನು ಇನ್ನೂ ಅತ್ತಿಲ್ಲ. ಅಕ್ಕಪಕ್ಕದವರು ತಂದಿಟ್ಟ ಹ್ಯಾಮು, ಆಲೂಗಡ್ಡೆ ಎಲ್ಲ ತಿಂದು ಮುಗಿಸಿ, ಪಾತ್ರೆಗಳನ್ನು ತೊಳೆದು ಅವರವರ ಮನೆಗೆ ಮುಟ್ಟಿಸಿದೆ.

ಆ ದಿನ ಎಲ್ಲಿದ್ದೆ ಅಂತ ನೀನು ಕೇಳಿದಾಗ ದಾರಿಯಲ್ಲಿದ್ದೆ ಅಂದೆ. ನಾನಿದ್ದದ್ದು ಜಾನ್ಸ್‌ಟೌನಿನ ಮಾದರಿ ರೈಲುಗಳ ಪ್ರದರ್ಶನದಲ್ಲಿ.

ನೀನು ಅಪ್ಪನ ಜೊತೆ ಮಾತು ಬಿಟ್ಟ ಈ ನಾಲ್ಕು ವರ್ಷ ನಾನೂ ಅವರೂ ನೆಲಮಾಳಿಗೆಯಲ್ಲಿ ಕೂತು ಆಟಿಕೆಯ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಒಂದು ಉಗಿ ಎಂಜಿನ್ ಕಟ್ಟಿದೆವು. ಅವರ ತಾತ ಓಡಿಸುತ್ತಿದ್ದ ಎಂಜಿನ್ನೇ, ನಲವತ್ತೆಂಟರಲ್ಲಿ ಒಂದು ಪಾಲು ಅಳತೆಗೆ. ಅವರ ಕೈ ನಡುಗುತ್ತಿತ್ತಲ್ಲ, ಲೆಕ್ಕ ಅವರದು, ಜೋಡಿಸುವುದು ನನ್ನದು.

ಆ ದಿನ ಅದನ್ನು ಪ್ರದರ್ಶನದಲ್ಲಿ ಓಡಿಸಬೇಕಿತ್ತು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವರೇ ಗದರಿದರು: "ಹೋಗೇ ಮಾರಾಯ್ತಿ. ನನ್ನ ಮುಖ ನೋಡ್ತಾ ಕೂತ್ರೆ ಅದು ತಾನಾಗೇ ಓಡುತ್ತಾ? ತಿರುವಲ್ಲಿ ಸರಳು ಸಿಕ್ಕಾಕೊಂಡ್ರೆ ಕೂದಲಷ್ಟು ಸಡಿಲ ಮಾಡು, ಸಾಕು."

ಹಾಗೇ ಆಯಿತು. ಮೊದಲ ತಿರುವಿನಲ್ಲೇ ಚಕ್ರಗಳನ್ನು ಕೂಡಿಸುವ ಸರಳು ಬಿಗಿದು ನಿಂತಿತು. ಕಳಚಿ ಸಡಿಲ ಮಾಡಿ ಮತ್ತೆ ಹಳಿಯ ಮೇಲಿಟ್ಟೆ. ಎಂಟೂ ಚಕ್ರ ಒಟ್ಟಿಗೆ ತಿರುಗಿದವು. ಅಷ್ಟರಲ್ಲಿ ನಮ್ಮ ಕ್ಲಬ್ಬಿನ ಲೆಸ್ಟರ್ ನನ್ನ ಫೋನ್ ಹಿಡಿದುಕೊಂಡು ಬಂದ. "ಅರ್ವಿಲಾ, ಆಸ್ಪತ್ರೆಯವರು. ಈಗ್ಲೇ ಬರ್ಬೇಕಂತೆ."

"ಒಂದು ಸುತ್ತು ಆಗ್ಲಿ" ಅಂದೆ.

ಒಂದಾಯಿತು, ಎರಡಾಯಿತು. "ಇದನ್ನ ನಾನು ನೋಡ್ಕೋತೀನಿ, ನೀನು ಹೊರಡು ತಾಯಿ" ಅಂದ. ಕೇಳಿಸಿತು. ಆದರೂ ಇಪ್ಪತ್ತು ನಿಮಿಷ ನಿಂತೇ ಇದ್ದೆ. ಅದು ಓಡುತ್ತಿರುವಷ್ಟು ಹೊತ್ತು ಅಲ್ಲಿ ಏನೂ ಆಗುವುದಿಲ್ಲ ಅನ್ನಿಸಿತ್ತೋ, ಹೋಗಿ ನೋಡುವ ಧೈರ್ಯವಿರಲಿಲ್ಲವೋ, ಹೇಳಲಾರೆ.

ನಾನು ತಲುಪುವ ಹತ್ತು ನಿಮಿಷ ಮುಂಚೆ ಹೋಗಿದ್ದರು. ನರ್ಸ್ ಕೈ ಹಿಡಿದುಕೊಂಡಿದ್ದಳಂತೆ. ನಾನು ಅವಳನ್ನು ಕೇಳಿದ್ದು, ಪಾರ್ಕಿಂಗ್ ಚೀಟಿ ಎಲ್ಲಿ ಕೊಡಬೇಕು ಅಂತ.

ಈಗ ದಿನಾ ಕೆಳಗಿಳಿದು ಹೋಗಿ ಮಿಕ್ಕ ಇಟ್ಟಿಗೆಗಳನ್ನು ಬಣ್ಣ ನೋಡಿ ವಿಂಗಡಿಸುತ್ತೇನೆ. ಹೆಚ್ಚುಕಮ್ಮಿ ಎಲ್ಲವೂ ಕಪ್ಪೇ. ಆಮೇಲೆ ಮೇಲೆ ಬಂದು ಕಾಫಿ ಕಾಯಿಸುತ್ತೇನೆ, ಇಬ್ಬರಿಗಾಗುವಷ್ಟು. ಅರ್ಧ ಚೆಲ್ಲುತ್ತೇನೆ. ನೋವಾಗುತ್ತಿದೆಯಾ ಅಂತ ಲೆಸ್ಟರ್ ಕೇಳಿದ. ಗೊತ್ತಿಲ್ಲ ಅಂದೆ.

ನಿನಗೆ ಸಿಟ್ಟು ಬಂದರೆ ಬರಲಿ. ಸುಳ್ಳಿಗಿಂತ ಅದೇ ವಾಸಿ.

ನಿನ್ನ
ಅಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯಲು ಹಿಂಜರಿದದ್ದು. "ಕೊರಿನ್‌ಗೆ ಹೇಳು, ಬಾಗಿಲು ತೆಗೆದೇ ಇದೆ" ಅನ್ನುವುದು ಅಪ್ಪನ ಕೊನೆಯ ಮಾತು ಅಂತ ಮಣ್ಣು ಮಾಡಿದ ದಿನ ನಿನಗೆ ಹೇಳಿದೆ. ನೀನು ಅದನ್ನೇ ಸಮಾಧಿ ಕಲ್ಲಿನ ಮೇಲೆ ಕೆತ್ತಿಸು ಅಂದೆ. ಅವರು ಹಾಗೆ ಹೇಳಲಿಲ್ಲ, ಮಗಳೇ. ನಾಲ್ಕು ವರ್ಷ ನಿನ್ನ ಹೆಸರೇ ಎತ್ತಲಿಲ್ಲ. ಆ ಮಾತು ನನ್ನದು. ಕೆತ್ತುವವನಿಗೆ ಶುಕ್ರವಾರದವರೆಗೆ ತಡಿ ಅಂದಿದ್ದೇನೆ. ನನ್ನದಾದರೂ ಪರವಾಗಿಲ್ಲ ಅನ್ನುವುದಾದರೆ ಹೇಳು.